ಬಾಲವಿಲ್ಲದ ನೊಣ

ಜೀವ ಉಳಿಸಿದವರಿಗೆ ಒಂದು ಮಾತು ಹೇಳಲಾಗದೆ ಉಳಿದುಬಿಡುವುದಿದೆಯಲ್ಲ, ಅದು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ. ಊಟ ನಡೆಯುತ್ತದೆ, ಕೆಲಸ ನಡೆಯುತ್ತದೆ, ನಾಲಿಗೆ ಮಾತ್ರ ಅಲ್ಲಿಗೇ ಹೋಗುತ್ತಿರುತ್ತದೆ. ಡಾರ್ಲಾ ಕ್ವಿಸ್ಟ್‌ಳ ಸ್ಥಿತಿ ಆ ವರ್ಷ ಎಲೆ ಉದುರುವ ಕಾಲವಿಡೀ ಹಾಗೆಯೇ ಇತ್ತು.

ಡಾರ್ಲಾ ಶಾಲೆಯ ಬಸ್ಸು ಓಡಿಸುತ್ತಾಳೆ. ಅಂಪ್ಕ್ವಾ ನದಿಯ ಉತ್ತರದ ಕವಲಿಗೆ ಅಂಟಿಕೊಂಡೇ ಹೋಗುವ ರಸ್ತೆಯಲ್ಲಿ ಬೆಳಿಗ್ಗೆ ಮಕ್ಕಳನ್ನು ಹೆಕ್ಕಿಕೊಂಡು ಹೋಗಬೇಕು, ಮಧ್ಯಾಹ್ನ ಮನೆಮನೆಯ ಮುಂದೆ ಇಳಿಸುತ್ತ ಬರಬೇಕು. ನಡುವಿನ ಹೊತ್ತೆಲ್ಲ ನದಿಗೆ ಮೀಸಲು. ಗಂಡ ಬಿಟ್ಟುಹೋದಾಗ ಊರವರು ಪಾಪ ಎಂದು ಲೊಚಗುಟ್ಟಿದರು. ಅವಳು ಅದೇ ವಾರ ತೋಳುದ್ದದ ಸ್ಟೀಲ್‌ಹೆಡ್ ಹಿಡಿದಳು. ಸ್ಟೀಲ್‌ಹೆಡ್ ಎಂದರೆ ಟ್ರೌಟ್ ಮೀನೇ. ಆದರೆ ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ, ಅಲ್ಲಿ ಮೈ ಬೆಳೆಸಿಕೊಂಡು, ಹುಟ್ಟಿದ ಹೊಳೆಗೇ ಮರಳಿ ಬರುವಂಥದ್ದು. ಗಂಡಸರಿಗಿಂತ ಅದೇ ವಾಸಿ ಎಂದು ಡಾರ್ಲಾ ಹೇಳುವುದುಂಟು.

ನದಿಯ ಆ ಭಾಗದಲ್ಲಿ ಎರೆಹುಳ ಹಾಕುವಂತಿಲ್ಲ, ನೊಣವೊಂದೇ. ನೊಣವೆಂದರೆ ಹಾರುವ ನೊಣವಲ್ಲ. ಗಾಳದ ಕೊಕ್ಕೆಗೆ ಗರಿ, ಕೂದಲು, ಉಣ್ಣೆ, ಜರಿ ಸುತ್ತಿ ಕಟ್ಟಿದ ಚೆಂದದ ಮೋಸ. ಅದನ್ನು ನಂಬಿ ಬರುವ ಮೀನು ಒಂದಾದರೆ, ಅದನ್ನು ನಂಬಿ ಎದೆಮಟ್ಟ ತಣ್ಣೀರಿನಲ್ಲಿ ನಿಲ್ಲುವ ಮನುಷ್ಯರು ನೂರು. ಅವರಿಗೆ ಅವರದೇ ಮಡಿ ಮೈಲಿಗೆ. ಒಂದು ಮಡುವಿಗೆ ಒಬ್ಬರು ಇಳಿದಿದ್ದರೆ ಇನ್ನೊಬ್ಬರು ಕಾಲಿಡುವುದಿಲ್ಲ. ಮೇಲಿನ ಬಂಡೆಯ ಮೇಲೆ ಕುಳಿತು ಸರದಿ ಕಾಯಬೇಕು. ಮಾತಾಡಿಸಬಾರದು. ಯಾವ ನೊಣ ಕಟ್ಟಿದ್ದೀ ಎಂದಂತೂ ಕೇಳಲೇಬಾರದು; ಹೆಂಗಸರ ವಯಸ್ಸು ಕೇಳಿದರೂ ಇಲ್ಲಿ ಅಷ್ಟು ಕೋಪ ಬರುವುದಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಡಾರ್ಲಾ ಮಡುವಿಗೆ ಇಳಿದಿದ್ದಾಗ ಹಾಗೆ ಸರದಿ ಕಾಯುತ್ತ ಯಾರೋ ಒಬ್ಬ ಮುದುಕ ಮೇಲೆ ಕುಳಿತಿದ್ದ. ಅವಳು ತಿರುಗಿ ನೋಡಿರಲಿಲ್ಲ. ನೋಡುವುದು ಮರ್ಯಾದೆಯೂ ಅಲ್ಲ. ಆ ನದಿಯ ತಳವೆಲ್ಲ ಕರಿಬಂಡೆಯ ಹಾಸು, ಎಣ್ಣೆ ಸುರಿದಂತೆ ಜಾರು. ಇನ್ನೊಂದೇ ಹೆಜ್ಜೆ ಮುಂದಿಟ್ಟರೆ ಆಚೆಯ ಸೆಳವಿಗೆ ನೊಣ ಮುಟ್ಟುತ್ತದೆ ಎಂಬ ಆಸೆಗೆ ಡಾರ್ಲಾ ಹೆಜ್ಜೆ ಇಟ್ಟಳು. ಅಲ್ಲಿ ಬಂಡೆ ಮುಗಿದಿತ್ತು.

ಎದೆಮಟ್ಟದ ರಬ್ಬರಿನ ಉಡುಪಿನೊಳಗೆ ನೀರು ನುಗ್ಗಿದರೆ ಮನುಷ್ಯರು ಕಲ್ಲಿನ ಮೂಟೆಯಾಗುತ್ತಾರೆ. ಅವಳಿಗೆ ಮೇಲೆ ಕೆಳಗೆ ತಿಳಿಯಲಿಲ್ಲ. ಬಾಯಿ ತೆರೆದರೆ ನೀರು, ಕಣ್ಣು ತೆರೆದರೆ ಹಸಿರು ಕತ್ತಲೆ. ಆಗ ಕೊರಳಪಟ್ಟಿಗೆ ಒಂದು ಕೈ ಬಿತ್ತು. "ಕಾಲು ಒದಿ! ಒದೀ ಅಂತೀನಿ!" ಎಂದು ಯಾರೋ ಕಿವಿಯ ಪಕ್ಕವೇ ಕೂಗುತ್ತಿದ್ದರು. ಒದ್ದಳು. ಬಂಡೆಯ ಮೇಲೆ ಬೋರಲು ಬಿದ್ದು ನದಿಯನ್ನೆಲ್ಲ ಕಾರಿಕೊಂಡಳು. ಮುದುಕ ಅವಳನ್ನು ಎಳೆದೂ ನೂಕಿಯೂ ಅವಳ ಟ್ರಕ್ಕಿಗೆ ಹತ್ತಿಸಿ, ಹೀಟರ್ ಹಾಕಿ, ಹಿಂದಿದ್ದ ಕಂಬಳಿ ಹೊದಿಸಿದ. ಅಷ್ಟರಲ್ಲಿ ಬೇರೆ ಇಬ್ಬರು ಗಾಳದವರು ದಂಡೆಗೆ ಬಂದರು. ಅವರ ಕೈಗೆ ಅವಳನ್ನು ಒಪ್ಪಿಸಿ, ತೊಟ್ಟಿಕ್ಕುವ ಬಟ್ಟೆಯಲ್ಲೇ ತನ್ನ ಗಾಡಿ ಹತ್ತಿ ಹೊರಟುಹೋದ. ಹೆಸರು ಹೇಳಲಿಲ್ಲ. ಕೇಳುವಷ್ಟು ಉಸಿರು ಅವಳಲ್ಲಿರಲಿಲ್ಲ.

"ಹೇಗಿದ್ದ?" ಎಂದು ಆಮೇಲೆ ಆ ಇಬ್ಬರನ್ನು ಕೇಳಿದರೆ, "ಬಿಳಿ ಗಡ್ಡ, ಹಳೇ ಹಸಿರು ಟ್ರಕ್ಕು" ಎಂದರು. ಆ ಜಿಲ್ಲೆಯಲ್ಲಿ ಬಿಳಿ ಗಡ್ಡ, ಹಳೇ ಟ್ರಕ್ಕು ಇಲ್ಲದ ಮುದುಕನನ್ನು ಹುಡುಕುವುದೇ ಕಷ್ಟ.

ಮನೆಗೆ ಬಂದು ಒದ್ದೆ ಸ್ವೆಟರ್ ಹಿಂಡುವಾಗ ಅಂಗೈಗೆ ಏನೋ ಚುಚ್ಚಿತು. ತೋಳಿನ ಉಣ್ಣೆಯಲ್ಲಿ ಒಂದು ನೊಣ ಸಿಕ್ಕಿಕೊಂಡಿತ್ತು, ಹರಿದ ಗಾಳದ ಹುರಿಯ ಗೇಣುದ್ದದ ತುಂಡಿನ ಸಮೇತ. ಅವಳದಲ್ಲ. ಅವಳಿಗೆ ಗೊತ್ತಿರುವ ಯಾರದೂ ಅಲ್ಲ. ಮಾಸಿದ ಕಂದು ಮೈ, ಚುಕ್ಕೆ ಗರಿಯ ಸಣ್ಣ ಕೊರಳಪಟ್ಟಿ, ಹಳದಿ ಬೂದಿಯ ನಡುವಿನ ಯಾವುದೋ ಮೆತ್ತನೆಯ ಕೂದಲಿನ ರೆಕ್ಕೆ. ಬಾಲವಿಲ್ಲ. ನೋಡಿದರೆ ಒಲೆಯ ಹಿಂದೆ ಸತ್ತುಬಿದ್ದ ಜಿರಳೆಯಂತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಡಾರ್ಲಾ ಅಡುಗೆಮನೆಯ ನೆಲದ ಮೇಲೆ ಕುಳಿತು ಜೋರಾಗಿ ಅತ್ತಳು. ಆ ಮನುಷ್ಯನದು ಎಂದು ಅವಳ ಬಳಿ ಉಳಿದದ್ದು ಅದೊಂದೇ.

ಮರುದಿನ ಅದನ್ನು ಎಮೆಟ್ ಲೂಮಿಸ್‌ನ ಅಂಗಡಿಗೆ ಒಯ್ದಳು. ಎಮೆಟ್ ಎಪ್ಪತ್ತು ದಾಟಿದವನು, ನದಿಯ ದಂಡೆಯಲ್ಲಿ ಗಾಳದ ಅಂಗಡಿ ಇಟ್ಟವನು. ಅವಳಿಗೆ ಗಾಳ ಎಸೆಯಲು ಕಲಿಸಿದವನೂ ಅವನೇ. ಅವನಿಗೆ ಗೊತ್ತಿಲ್ಲದ ನೊಣ ಆ ಸೀಮೆಯಲ್ಲಿಲ್ಲ, ಅದನ್ನು ಅವನೇ ಎಲ್ಲರಿಗೂ ಹೇಳಿಟ್ಟಿದ್ದ.

ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟು ಎಮೆಟ್ ಬಹಳ ಹೊತ್ತು ನೋಡಿದ.

"ಯಾರ ಕೈ ಇದು?" ಎಂದಳು ಡಾರ್ಲಾ.

"ತಡಿ ಹುಡುಗಿ, ಅವಸರ ಮಾಡ್ಬೇಡ."

"ಅಂದ್ರೆ ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂತ ನಾನಂದ್ನಾ? ನೋಡ್ತಾ ಇದೀನಿ ಅಂದೆ."

"ನಿನ್ನೆ ನೀರಲ್ಲಿ ನಾನೂ ಹಿಂಗೇ ನೋಡ್ತಾ ಇದ್ದೆ, ಮುದುಕ. ಹೇಳು, ಗೊತ್ತಾ ಇಲ್ವಾ?"

ಎಮೆಟ್ ಭೂತಗನ್ನಡಿ ಕೆಳಗಿಟ್ಟ. "ಇಲ್ಲ" ಎಂದ. ಆ ಒಂದು ಮಾತು ಹೇಳಲು ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು.

ಫೋಟೋ ತೆಗೆದು ಫೋನಿನಲ್ಲಿ ಊರೆಲ್ಲ ಹರಡಿದರು. ಹರಡಿದ್ದೇ ತಡ, ನೂರು ಜನ ನೂರು ಹೆಸರು ಹೇಳಿದರು, ನೂರೊಂದನೆಯವನು ಬಂದು ಎಲ್ಲರನ್ನೂ ಬೈದ. ಇಬ್ಬರು ತಾವೇ ಅದನ್ನು ಕಂಡುಹಿಡಿದವರು ಎಂದರು. "ಹಾಗಾದ್ರೆ ನನ್ನ ನೀರಿಂದ ಎತ್ತಿದ್ದು ನೀವಾ?" ಎಂದು ಡಾರ್ಲಾ ಕೇಳಿದ ಕೂಡಲೇ ಇಬ್ಬರೂ ತಣ್ಣಗಾದರು. ಆ ನದಿಯ ಜನ ಮೀನಿನ ವಿಷಯದಲ್ಲಿ ಎಷ್ಟು ಸುಳ್ಳಾದರೂ ಹೇಳುತ್ತಾರೆ, ಜೀವದ ವಿಷಯದಲ್ಲಿ ಹೇಳುವುದಿಲ್ಲ. ಅದೊಂದು ದೊಡ್ಡ ಗುಣ.

"ಫೋಟೋದಲ್ಲಿ ನೊಣ ಹೆಣ ಇದ್ದಂಗಿರುತ್ತೆ," ಎಂದ ಎಮೆಟ್. "ಕೈಲಿ ಹಿಡೀಬೇಕು, ನೀರಲ್ಲಿ ಅದ್ದಬೇಕು, ಆಗ ಗುರುತು ಸಿಗೋದು. ಇಂಥದ್ದೇ ಒಂದಷ್ಟು ಕಟ್ಟಿ, ನದಿ ಗುಂಟ ಇರೋ ಅಂಗಡಿ, ಬಂಕು ಎಲ್ಲಾ ಕಡೆ ತೂಗುಹಾಕೋಣ. ಯಾರಾದ್ರೂ ಗುರುತು ಹಿಡಿದೇ ಹಿಡೀತಾರೆ. ಆದ್ರೆ..."

"ಆದ್ರೆ?"

"ಇದ್ರ ಬಣ್ಣ ಬಿಸಿಲಿಗೆ ಹೋಗಿದೆ. ಗರೀನ ಮೀನು ಅಗಿದಿದೆ. ಮೇಲಿಂದ ನೋಡಿ ಕಟ್ಟಿದ್ರೆ ಇದರ ಮುದಿತನ ಕಟ್ಟಿದಂಗಾಗುತ್ತೆ. ಒಳಗೇನಿದೆ ಅಂತ ಗೊತ್ತಾಗ್ಬೇಕು ಅಂದ್ರೆ ಬಿಚ್ಚಬೇಕು."

ಬಿಚ್ಚುವುದೆಂದರೆ ಇದ್ದೊಂದನ್ನು ಕಳೆದುಕೊಳ್ಳುವುದು. ಡಾರ್ಲಾ ಅದನ್ನು ಬಸ್ಸಿನಲ್ಲಿ ತನ್ನ ಕಣ್ಣೆದುರಿನ ಬಿಸಿಲುಪಟ್ಟಿಗೆ ಚುಚ್ಚಿಕೊಂಡು ವಾರಗಟ್ಟಲೆ ತಿರುಗಿದಳು. ಬಿಚ್ಚಿದರೂ ಅವನು ಸಿಗದಿದ್ದರೆ? ಬಿಚ್ಚದಿದ್ದರೆ ಸಿಗುವುದೇ ಇಲ್ಲವಲ್ಲ? ಮರಗಳೆಲ್ಲ ಹಳದಿಯಾಗಿ ಉದುರಿ ಬೋಳಾದವು. ನದಿಗೆ ಬರುವ ಮುದುಕರು ಒಬ್ಬೊಬ್ಬರಾಗಿ ಗಾಳದ ಕೋಲು ಮೂಲೆಗಿಟ್ಟರು. ಚಳಿಗಾಲ ಯಾವ ಮುದುಕನನ್ನು ಉಳಿಸುತ್ತದೋ ಯಾರನ್ನು ಒಯ್ಯುತ್ತದೋ ಎಂದು ಒಂದು ದಿನ ಅವಳಿಗೆ ಹೊಳೆಯಿತು. ಬಸ್ಸು ನಿಲ್ಲಿಸಿ ನೇರ ಎಮೆಟ್‌ನ ಅಂಗಡಿಗೆ ಹೋದಳು.

"ಬಿಚ್ಚು."

"ನಾನು ಬಿಚ್ಚಲ್ಲಮ್ಮ. ಆ ಪಾಪ ನಂಗ್ಯಾಕೆ? ನೀನೇ ಬಿಚ್ಚು, ನಾನು ಹೇಳ್ತೀನಿ."

ನೊಣವನ್ನು, ಕೊಕ್ಕೆ ಕಚ್ಚಿ ಹಿಡಿಯುವ ಪುಟ್ಟ ವೈಸ್‌ನ ದವಡೆಗೆ ಸಿಕ್ಕಿಸಿ, ಬ್ಲೇಡಿನ ತುದಿಯಿಂದ ತಲೆಯ ವಾರ್ನಿಷ್ ಕೆರೆದು, ಡಾರ್ಲಾ ದಾರದ ಮೊದಲ ಸುತ್ತು ಬಿಡಿಸಿದಳು. ಒಂದೊಂದೇ ಸುತ್ತು ಹಿಂದಕ್ಕೆ ಬರುತ್ತ ಹೋಯಿತು. ಯಾರೋ ಬಹಳ ನಿಧಾನಸ್ಥರು ಕಟ್ಟಿದ್ದು. ಎಲ್ಲೂ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿರಲಿಲ್ಲ; ಒಳ್ಳೆಯ ಹೆಂಗಸು ಸೀರೆಯ ಅಂಚು ಹೊಲಿದ ಹಾಗೆ, ಒಳಗೂ ಹೊರಗಿನಷ್ಟೇ ಅಚ್ಚುಕಟ್ಟು. ರೆಕ್ಕೆಯ ಕೂದಲು ಕೈಗೆ ಬಂತು. ಅಳಿಲಲ್ಲ, ಜಿಂಕೆಯಲ್ಲ, ಕರಡಿಯಲ್ಲ, ನರಿಯೂ ಅಲ್ಲ. ಎಮೆಟ್ ಅದನ್ನು ಕಾಫಿ ಲೋಟದ ನೀರಿನಲ್ಲಿ ಅದ್ದಿ ಮೂಸಿದ.

"ನಾಯಿ!" ಎಂದ. "ಒದ್ದೆ ನಾಯಿ! ಯಾರೋ ಪುಣ್ಯಾತ್ಮರು ಮನೆ ನಾಯಿ ಕೂದ್ಲು ಕತ್ತರಿಸಿ ಕಟ್ಟಿದಾರೆ. ನಾನು ಎಲ್ಲಿಂದ ಗುರುತು ಹಿಡೀಲಿ?" ಸೋತ ಅವಮಾನಕ್ಕೆ ಅರ್ಧ ಔಷಧಿ ಸಿಕ್ಕಂತೆ ಅವನ ಮುಖ ಅರಳಿತು.

ಜರಿಯ ಎಳೆ ಬಿಡಿಸಿದಾಗ ಡಾರ್ಲಾ ಬ್ಲೇಡು ಕೆಳಗಿಟ್ಟಳು. ಕಂದು ಎಂದುಕೊಂಡ ಮೈಯ ಉಣ್ಣೆ, ಜರಿ ಮುಚ್ಚಿದ್ದ ಕಡೆಯೆಲ್ಲ ಗಾಢ ನೇರಳೆ ಬಣ್ಣದ್ದಾಗಿತ್ತು. ಮಳೆಗಾಲದ ನೇರಳೆಹಣ್ಣಿನಷ್ಟು ಕಪ್ಪು ನೇರಳೆ. ಬಿಸಿಲು ಮುಟ್ಟದಿದ್ದಲ್ಲಿ ಅದರ ಯೌವನ ಹಾಗೆಯೇ ಉಳಿದಿತ್ತು. ಉಣ್ಣೆಯನ್ನೂ ಬಿಚ್ಚಿದಳು. ಕೊನೆಗೆ ಬರಿಯ ಕೊಕ್ಕೆ ಉಳಿಯಬೇಕಾದ ಜಾಗದಲ್ಲಿ, ಕೊಕ್ಕೆಯ ಬೆನ್ನಿನ ನಟ್ಟನಡುವೆ, ಕೆಂಪು ಉಣ್ಣೆಯ ಒಂದು ಸಣ್ಣ ಎಳೆ ಸುತ್ತಿ ಗಂಟು ಹಾಕಿತ್ತು.

"ಬಾಲ!" ಎಂದ ಎಮೆಟ್ ತಡಮಾಡದೆ. "ಮೀನು ಬಾಲ ಕಿತ್ಕೊಂಡು ಹೋಗಿದೆ, ಮೋಟು ಉಳಿದಿದೆ."

"ಬಾಲ ಆಗಿದ್ರೆ ತುದೀಲಿ ಕಟ್ತಿದ್ರು. ಇದು ನಡುವೆ ಇದೆ. ಗಂಟು ಬೇರೆ ಹಾಕಿದೆ."

"ಮುದಿ ಕೈ. ಜಾರಿರುತ್ತೆ."

"ಬೇರೆ ಒಂದು ಸುತ್ತೂ ಜಾರಿಲ್ಲ, ಇದೊಂದು ಜಾರಿತಾ?"

"ಡಾರ್ಲಾ, ಈ ನದೀಲಿ ಕೆಂಪು ಬಾಲ ಇಲ್ಲದ ನೊಣ ಯಾರು ಕಟ್ತಾರೆ? ನಮ್ಮಪ್ಪ ಕೆಂಪು ಬಾಲ ಕಟ್ತಿದ್ದ, ಅವನಪ್ಪ ಕಟ್ತಿದ್ದ. ಸ್ಟೀಲ್‌ಹೆಡ್‌ಗೆ ಕೆಂಪು ಬಾಲ ಅಂದ್ರೆ ಕಾಫಿಗೆ ಸಕ್ರೆ ಇದ್ದಂಗೆ."

"ನೀನು ಸಕ್ರೆ ಹಾಕ್ಕೊಳಲ್ವಲ್ಲ."

"ಡಾಕ್ಟ್ರು ಬಿಡಿಸಿದ್ದು, ಅದು ಬೇರೆ ಮಾತು!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಿರಾಕಿ ಎಮೆಟ್. ಡಾರ್ಲಾ ಬಾಲಕ್ಕೆ ಒಪ್ಪಿದಳು. ಬಿಡಿಸಿದ್ದನ್ನೆಲ್ಲ ಒಂದು ಜಾಮ್ ಬಾಟಲಿಗೆ ತುಂಬಿ ಮುಚ್ಚಳ ಹಾಕಿದಳು. ಆಮೇಲೆ ಇಬ್ಬರೂ ಕುಳಿತು ಕಟ್ಟಲು ಶುರುಮಾಡಿದರು. ಎಮೆಟ್‌ನ ಕೈ ತನ್ನದೇ ಹಳೆಯ ಚಾಳಿಗೆ ಎಳೆಯುತ್ತಿತ್ತು. ಡಾರ್ಲಾಳ ಕೈಗೆ ಹಳೆಯ ಚಾಳಿ ಇರಲಿಲ್ಲ. ಅವಳು ಕಟ್ಟುವುದಕ್ಕಿಂತ ಮೊದಲು ಬಿಚ್ಚಿದ್ದಳಲ್ಲ, ಆ ಬೆರಳುಗಳು ಹೋದ ದಾರಿಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಿ ಒಂದು ಸುತ್ತು ಹೆಚ್ಚು. ಕಟ್ಟುತ್ತ ಕಟ್ಟುತ್ತ ಅವಳಿಗೆ ಆ ಮುದುಕ ಒಂದು ಬಗೆಯಲ್ಲಿ ಪರಿಚಿತನಾಗತೊಡಗಿದ. ಗಡಿಬಿಡಿಯಿಲ್ಲದವನು, ಮನೆಯ ನಾಯಿಯನ್ನು ಪ್ರೀತಿಸಿದವನು ಎಂದುಕೊಂಡಳು. ಅರ್ಧ ಸರಿಯಾಗಿತ್ತು.

ನೇರಳೆ ಮೈ, ನಾಯಿ ರೆಕ್ಕೆ, ಎಮೆಟ್‌ನ ಕೆಂಪು ಬಾಲ. ನದಿಯ ಗುಂಟ ಎಲ್ಲ ಅಂಗಡಿಗಳಲ್ಲೂ ರಟ್ಟಿಗೆ ಚುಚ್ಚಿ ತೂಗುಹಾಕಿದರು. "ಈ ನೊಣ ನಿಮ್ಮದೇ? ಎಮೆಟ್‌ನ ಅಂಗಡಿಗೆ ಬನ್ನಿ" ಎಂದು ಡಾರ್ಲಾ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಕ್ರಿಸ್‌ಮಸ್ ಬಂತು, ಹೋಯಿತು. ಯಾರೂ ಬರಲಿಲ್ಲ. ಜಾಮ್ ಬಾಟಲಿ ನೋಡಿದಾಗಲೆಲ್ಲ, ಕೈಗೆ ಬಂದದ್ದನ್ನು ನಾನೇ ಹಾಳುಮಾಡಿದೆ ಎಂದು ಅದನ್ನು ಎಮೆಟ್‌ನ ಕಪಾಟಿನಲ್ಲಿ ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದಳು.

ಫೆಬ್ರವರಿಯ ಒಂದು ಶನಿವಾರ ಡಾರ್ಲಾ ಎಮೆಟ್‌ನ ಒಲೆಯ ಪಕ್ಕ ಕುಳಿತು ಸೇಬಿನ ಪೈ ತಿನ್ನುತ್ತಿದ್ದಳು. ಬಾಗಿಲು ತೆರೆದು ಬಿಳಿ ಗಡ್ಡದ ಒಬ್ಬ ಉದ್ದನೆಯ ಮುದುಕ ಒಳಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಆ ರಟ್ಟು.

"ಇಲ್ಲಿ ಎಮೆಟ್ ಅನ್ನೋರು ಯಾರು?"

"ನಾನೇ."

"ನನ್ನ ಹೆಸ್ರು ವರ್ಲಿನ್ ಥಾರ್ಪ್, ಮೇಲ್ಗಡೆ ತೊರೆ ಹತ್ರ ಇರೋನು. ನನ್ನ ಹೆಂಡ್ತಿ ನಿಮ್ಮನ್ನ ಬೈದು ಬಾ ಅಂತ ಕಳ್ಸಿದಾಳೆ."

"ನನ್ನನ್ನಾ? ಯಾಕೆ ಸ್ವಾಮಿ?"

"ಈ ಬಾಲ ಕಟ್ಟಿದ ಕತ್ತೆ ಯಾರು ಅಂತ ಕೇಳ್ಕೊಂಡು ಬಾ ಅಂದ್ಲು. ಕತ್ತೆ ಅಂದಿದ್ದು ಅವಳು, ನಾನಲ್ಲ." ವರ್ಲಿನ್ ಮುಜುಗರದಿಂದ ಗಡ್ಡ ಕೆರೆದುಕೊಂಡ. "ಬಂಕಲ್ಲಿ ನಾನು ಇದನ್ನ ಆವಾಗ್ಲೇ ನೋಡಿದ್ದೆ. ನಮ್ಮ ಓಪಲ್ ಕಟ್ಟೋ ನೊಣ ಇದ್ದಂಗೇ ಇದೆ, ಆದ್ರೆ ಅವಳದ್ದಕ್ಕೆ ಬಾಲ ಇರಲ್ವಲ್ಲ ಅಂತ ಸುಮ್ನಾದೆ. ಮೊನ್ನೆ, ತಮಾಷೆಗೆ ಅವಳಿಗೆ ತೋರ್ಸೋಣ ಅಂತ ತಗೊಂಡ್ ಹೋದೆ. ಲಕ್ವ ಹೊಡೆದು ವರ್ಷದ ಮೇಲಾಯ್ತು, ಮಾತೇ ಸರಿಯಾಗಿ ಬರಲ್ಲ ಅವಳಿಗೆ. ಇದನ್ನ ನೋಡಿ ಹಂಗೆ ಕೂಗಿದ್ಲು ನೋಡಿ, ನಾನು ಕಾಫಿ ಲೋಟ ಬೀಳಿಸ್ಕೊಂಡೆ."

ಡಾರ್ಲಾ ಎದ್ದು ನಿಂತಿದ್ದಳು. ಬಾಯೊಳಗಿನ ಪೈ ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದಳು. ವರ್ಲಿನ್ ಅವಳ ಕಡೆ ತಿರುಗಿದ, ಒಂದು ಕ್ಷಣ ದಿಟ್ಟಿಸಿದ.

"ನಿಮ್ಮ ಟೋಪಿ ಸಿಕ್ತಾ ಅಮ್ಮಾ?" ಎಂದ.

ಟೋಪಿ ನೀರಲ್ಲಿ ಹೋದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ಬಸ್ಸಿನಲ್ಲಿ ಒಬ್ಬಳೇ ಕುಳಿತು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ. ಅವಳು ಹೋಗಿ ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದಳು. "ನೀವು... ನಿಮ್ಮಿಂದ... ನಾನು..." ಅಷ್ಟೇ ಬಂತು. ಎಮೆಟ್ ಕಪಾಟಿನ ಕಡೆ ತಿರುಗಿ ಜೋಡಿಸಿಟ್ಟ ಡಬ್ಬಗಳನ್ನೇ ಮತ್ತೆ ಜೋಡಿಸತೊಡಗಿದ.

"ಅಯ್ಯೋ, ಅದಕ್ಯಾಕೆ ಅಳು?" ವರ್ಲಿನ್ ಕಂಗಾಲಾದ. "ನೀರಿಗೆ ಬಿದ್ದೋರನ್ನ ಎತ್ತದೆ ನೋಡ್ತಾ ಕೂರಕ್ಕಾಗುತ್ತಾ? ಓಪಲ್ ಮಾತ್ರೆ ಹೊತ್ತು ಮೀರಿತ್ತು, ಅದಕ್ಕೇ ಓಡಿದೆ. ನಿಮ್ಮನ್ನ ಹೇಗಿದೀರಿ ಅಂತಾನೂ ಕೇಳ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ." ಜೀವ ಉಳಿಸಿದವನೇ ಕ್ಷಮೆ ಕೇಳುತ್ತಿದ್ದ! ಆಮೇಲೆ ದನಿ ತಗ್ಗಿಸಿದ. "ಒಂದೇ ಒಂದು ವಿಷ್ಯ. ನನ್ನ ನೊಣ ನಿಮ್ಮ ಹತ್ರ ಸಿಕ್ಕಿರಬೇಕಲ್ಲ? ಅದನ್ನ ನೋಡ್ಕೊಂಡೇ ತಾನೇ ಇದನ್ನ ಕಟ್ಟಿರೋದು? ಅದನ್ನ ಕೊಟ್ಬಿಟ್ರೆ ಸಾಕು. ಓಪಲ್ ಕಟ್ಟಿದ್ರಲ್ಲಿ ಅದೇ ಕೊನೇದು. ಇನ್ನು ಅವಳ ಕೈಲಿ ಆಗಲ್ಲ. ನಂಗೆ ಕಟ್ಟೋದು ಬರಲ್ಲ. ಆವತ್ತಿಂದ ನಾನು ನದಿಗೇ ಇಳಿದಿಲ್ಲ."

ಡಾರ್ಲಾ ಕಪಾಟಿನಿಂದ ಜಾಮ್ ಬಾಟಲಿ ತೆಗೆದು ಅವನ ಮುಂದಿಟ್ಟಳು. ಒಳಗೆ ಒಂದು ಕೊಕ್ಕೆ, ಒಂದಿಷ್ಟು ಸುರುಳಿಗಟ್ಟಿದ ದಾರ, ಒಂದು ಚಿಟಿಕೆ ಕೂದಲು.

"ನಿಮ್ಮನ್ನ ಹುಡುಕೋಕೆ ಅಂತ..." ಎಂದಳು.

ವರ್ಲಿನ್ ಬಾಟಲಿಯನ್ನು ಬೆಳಕಿಗೆ ಹಿಡಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಓಪಲ್‌ಗೆ ಏನ್ ಹೇಳ್ಲಿ?" ಎಂದಷ್ಟೇ ಕೇಳಿದ, ತನ್ನಷ್ಟಕ್ಕೇ.

"ನೀವೇನೂ ಹೇಳ್ಬೇಡಿ," ಎಂದಳು ಡಾರ್ಲಾ. "ಬಿಚ್ಚಿದವಳು ನಾನು, ನಾನೇ ಬಂದು ಹೇಳ್ತೀನಿ."

"ಬಾಲ ನಂದು," ಎಂದು ಕಪಾಟಿನ ಕಡೆಯಿಂದ ಎಮೆಟ್‌ನ ಸಣ್ಣ ದನಿ ಬಂತು. "ಅದನ್ನೂ ಹೇಳ್ಬಿಡು."

ಥಾರ್ಪ್ ದಂಪತಿಗಳ ಮನೆ ತೊರೆಯ ಪಕ್ಕ, ಫರ್ ಮರಗಳ ನಡುವೆ. ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಓಪಲ್ ಕುಳಿತಿದ್ದಳು. ಚಿಕ್ಕ ಮೈಯ ಹೆಂಗಸು, ಜಡೆ ಹಾಕಿದ ಬೆಳ್ಳಿ ಕೂದಲು. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದುಕೊಂಡಿತ್ತು. ಮೇಜಿನ ಅಂಚಿಗೆ ಒಂದು ವೈಸ್ ಬಿಗಿದಿತ್ತು, ಅದರ ಮೇಲೆ ಪಾತ್ರೆ ಒರೆಸುವ ಬಟ್ಟೆ ಒಣಹಾಕಿದ್ದರು.

ಡಾರ್ಲಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಬಿದ್ದದ್ದು, ನೊಣ ಸಿಕ್ಕಿದ್ದು, ಬಿಚ್ಚಿದ್ದು. ಹೇಳಿ ಬಾಟಲಿಯನ್ನು ಮುದುಕಿಯ ಮುಂದಿಟ್ಟು, ಬೈಸಿಕೊಳ್ಳಲು ತಯಾರಾಗಿ ನಿಂತಳು.

ಓಪಲ್ ಬಾಟಲಿಯ ಕಡೆ ಹೆಚ್ಚು ನೋಡಲಿಲ್ಲ. ಎಡಗೈಯ ಬೆರಳಿನಿಂದ ರಟ್ಟಿನ ಮೇಲಿನ ನೊಣದ ಕೆಂಪು ಬಾಲವನ್ನು ತಟ್ಟಿದಳು. ಮಾತು ಒಂದೊಂದಾಗಿ, ಬಾವಿಯಿಂದ ಸೇದಿದ ಹಾಗೆ ಬಂತು.

"ಇದು... ಒಳಗೆ."

"ಹೌದು, ಒಳಗೆ ಇತ್ತು. ನಾವು ಬಾಲ ಅಂದ್ಕೊಂಡ್ವಿ."

"ಕತ್ತೆ," ಎಂದಳು ಓಪಲ್. ಆದರೆ ಮುಖದ ಒಂದು ಬದಿ ನಗುತ್ತಿತ್ತು.

ವರ್ಲಿನ್ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದ. "ಯಾವ್ದು ಒಳಗೆ? ನಲವತ್ತು ವರ್ಷದಿಂದ ನನ್ನ ಗಾಳದ ತುದೀಲಿ ಇರೋ ನೊಣ, ಅದ್ರೊಳಗೆ ಕೆಂಪು ಇದ್ದಿದ್ದು ನಂಗೇ ಗೊತ್ತಿಲ್ಲ. ಯಾಕ್ ಹಾಕ್ತಿದ್ದೆ?"

ಓಪಲ್ ಉತ್ತರಕ್ಕೆ ಬಹಳ ಹೊತ್ತು ತೆಗೆದುಕೊಂಡಳು.

"ನೀನು... ವಾಪಸ್... ಬರ್ಲಿ ಅಂತ."

ಅಷ್ಟೇ. ಗಂಡ ನದಿಗೆ ಹೋಗುವ ಪ್ರತಿ ಬೆಳಿಗ್ಗೆಗೂ ಅವಳು ಒಂದು ಹರಕೆಯ ಗಂಟು ಕಟ್ಟಿ, ಅದರ ಮೇಲೆ ನೇರಳೆ ಉಣ್ಣೆ ಸುತ್ತಿ, ಮೀನಿಗೂ ಕಾಣದಂತೆ ಗಂಡನಿಗೂ ಕಾಣದಂತೆ ಮುಚ್ಚಿಟ್ಟು ಕಳಿಸುತ್ತಿದ್ದಳು. ವರ್ಲಿನ್ ಕುರ್ಚಿ ಎಳೆದು ಕುಳಿತ. ಕೊನೆಗೆ, "ಅದಕ್ಕೇ ಮೀನು ಕಮ್ಮಿ ಬೀಳ್ತಿತ್ತು," ಎಂದ. "ನಂಗೆ ಹೇಳಿದ್ರೆ ನಾನೇನ್ ಬೇಡ ಅಂತಿದ್ನಾ?"

"ಬಾಲಕ್ಕೆ... ಹಾಕು... ಅಂತಿದ್ದೆ ನೀನು."

ಡಾರ್ಲಾಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಆ ಗಂಟು ಯಾರಿಗಾಗಿ ಹಾಕಿದ್ದೋ, ಅದು ಆ ದಿನ ತನ್ನ ತೋಳಿಗೆ ಸಿಕ್ಕಿಕೊಂಡಿತ್ತು. ಅಂಥದ್ದರಲ್ಲೆಲ್ಲ ಅವಳಿಗೆ ನಂಬಿಕೆಯಿಲ್ಲ. ಆದರೂ ನೀರಿನೊಳಗೆ ಹೋದವರು ಇಬ್ಬರು, ಹೊರಗೆ ಬಂದವರೂ ಇಬ್ಬರು.

ಓಪಲ್ ಎಡಗೈಯಿಂದಲೇ ವೈಸ್‌ನ ಮೇಲಿನ ಬಟ್ಟೆಯನ್ನು ಎಳೆದು ಹಾಕಿದಳು. "ಕಟ್ಟು," ಎಂದಳು.

ವರ್ಲಿನ್ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದ. ನೇರಳೆ ಉಣ್ಣೆಯ ಉಂಡೆ, ಜರಿ, ಗಿನಿಕೋಳಿಯ ಚುಕ್ಕೆ ಗರಿ, ಸತ್ತುಹೋದ ನಾಯಿಯ ಕೂದಲಿನ ಒಂದು ಪೊಟ್ಟಣ. ಡಾರ್ಲಾ ಬಾಟಲಿಯಿಂದ ಆ ಹಳೆಯ ಕೊಕ್ಕೆಯನ್ನೇ ತೆಗೆದು ವೈಸ್‌ಗೆ ಸಿಕ್ಕಿಸಿದಳು. ಮೊದಲು ಕೆಂಪು ಎಳೆ. ಕೊಕ್ಕೆಯ ಬೆನ್ನಿನ ನಟ್ಟನಡುವೆ ಸುತ್ತಿ, ಗಂಟು ಹಾಕಿದಳು. ಓಪಲ್ ತಲೆಯಾಡಿಸಿದಳು. ಆಮೇಲೆ ನೇರಳೆ. ಆಮೇಲೆ ಜರಿ. ಓಪಲ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ಕಡೆ ಮಾತ್ರ ಎಡಗೈ ಬೆರಳಿಟ್ಟು ತಡೆದಳು. ಡಾರ್ಲಾ ಅರ್ಧ ಸುತ್ತು ಹಿಂದೆ ಬಂದು ಸಡಿಲ ಮಾಡಿದಳು. ಬೇರೆಲ್ಲೂ ತಡೆಯಲಿಲ್ಲ. ಗರಿ ಸುತ್ತುವ ಮುಂಚೆ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಹಿಂದಕ್ಕೆ ಸವರುವುದನ್ನು ಯಾರೂ ಡಾರ್ಲಾಗೆ ಹೇಳಿಕೊಟ್ಟಿರಲಿಲ್ಲ. ಬಿಚ್ಚುವಾಗ ಗರಿಯ ಬಾಗು ನೋಡಿ ಅವಳೇ ಊಹಿಸಿದ್ದು. ಅವಳು ಹಾಗೆ ಸವರಿದಾಗ ಓಪಲ್‌ಳ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು.

ತಲೆಯ ಗಂಟು ಬಿಗಿದು, ದಾರ ಕತ್ತರಿಸಿ, ಡಾರ್ಲಾ ನೊಣವನ್ನು ಅವಳ ಎಡಗೈಗಿಟ್ಟಳು. ಓಪಲ್ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ ಗಂಡನ ಕೈಗೆ ಕೊಟ್ಟಳು. ವರ್ಲಿನ್ ಅದನ್ನು ತನ್ನ ಟೋಪಿಯ ಅಂಚಿಗೆ ಚುಚ್ಚಿ, ಟೋಪಿಯನ್ನು ತಲೆಗೆ ಹಾಕದೆ ಮಂಡಿಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು ಡಾರ್ಲಾಗೆ. "ನಾನು ಬದುಕಿದೀನಿ," ಎಂದಳು. "ದಿನಾ ಬೆಳಿಗ್ಗೆ ಬಸ್ ಸ್ಟಾರ್ಟ್ ಮಾಡುವಾಗ ಅದು ನೆನಪಾಗುತ್ತೆ. ನಿಮ್ಮಿಬ್ರ ಉಪಕಾರ. ತೀರಿಸೋಕಾಗಲ್ಲ, ಅದಕ್ಕೇ ಹೇಳೋಕೆ ಬಂದೆ. ಹೇಳೋಕೆ ಬಂದೋಳು ನಿಮ್ಮ ಕೊನೇ ನೊಣನೂ ಹಾಳುಮಾಡ್ದೆ."

ಓಪಲ್ ಇಲ್ಲವೆಂದು ತಲೆಯಾಡಿಸಿದಳು. ಎಡಗೈ ಚಾಚಿ ಡಾರ್ಲಾಳ ಬಲಗೈ ಹಿಡಿದಳು, ದಾರದ ಮೇಣ ಅಂಟಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮಾತು ಹುಡುಕುತ್ತ ಅವಳ ತುಟಿ ಎಷ್ಟೋ ಹೊತ್ತು ಬರಿದೇ ಅಲುಗಿತು.

"ನನ್ ಕೈ..." ಎಂದಳು ಕೊನೆಗೆ. "ಎಲ್ಲಿಗ್ ಹೋಯ್ತು ಅಂತ... ವರ್ಷದಿಂದ... ಹುಡುಕ್ತಿದ್ದೆ."

ಡಾರ್ಲಾಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಲ್ಲಿ ಬಿದ್ದಿದ್ದ ತನ್ನ ಬಲಗೈಯ ಪಕ್ಕದಲ್ಲೇ ಇಟ್ಟುಕೊಂಡಳು.

"ಇಲ್ಲಿದೆ."

ವರ್ಲಿನ್ ಎದ್ದು ಒಲೆಯ ಕಡೆ ತಿರುಗಿ ಕಾಫಿ ಬಸಿಯತೊಡಗಿದ, ಬಸಿಯುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಡಾರ್ಲಾ ಕೈ ಬಿಡಿಸಿಕೊಳ್ಳಲಿಲ್ಲ. ಅವನು ತಂದಿಟ್ಟ ಕಾಫಿ ಆರುವವರೆಗೂ ಇಬ್ಬರೂ ಹಾಗೆಯೇ ಕುಳಿತಿದ್ದರು.